ಜ್ವರ ಬಿಟ್ಟ ದಿನದ ಮದ್ದು

“ಇದೆಂತ ದೇಯಿ, ಬಾಟ್ಲಿಯಲ್ಲಿ ಅರ್ಧ ಹಾಗೇ ಉಂಟಲ್ಲ?”

“ಉಳಿಸಿದ್ದು, ಪೊರ್ಬುಗಳೇ.”

ಊರವರೆಲ್ಲ ಪೊರ್ಬುಗಳೆಂದೇ ಕರೆಯುವ ಕಂಪೌಂಡರ್ ಆಂಬ್ರೋಸ್ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಬದಿಗೆ ತಾನೇ ಅಂಟಿಸಿದ್ದ ಕಾಗದದ ಪಟ್ಟಿಯನ್ನು ನೋಡಿದರು. ದಿನಕ್ಕೆ ಎರಡರಂತೆ ಆರು ದಿನಕ್ಕೆ ಹನ್ನೆರಡು ಗುರುತು. ಮದ್ದು ಆರನೆಯದರಲ್ಲೇ ನಿಂತುಬಿಟ್ಟಿತ್ತು. ದೇಯಿಯಾದರೋ ಹೊಗಳಿಕೆಗೆ ಕಾಯುವವಳಂತೆ ನಿಂತಿದ್ದಳು.

ಹೊಗಳಬೇಕಾದದ್ದೇ ಅಲ್ಲವೇ ಮತ್ತೆ? ೧೯೩೪ರ ಮಳೆಗಾಲ ಮುಗಿಯುತ್ತಿದ್ದಂತೆ ಏಳು ವರ್ಷದ ಮಗಳು ಹೇಮಾಕ್ಷಿಗೆ ದಿನ ಬಿಟ್ಟು ದಿನ ನಡುಕದ ಜ್ವರ ಹಿಡಿದಿತ್ತು. ಗಂಡ ನೋಣಯ್ಯ ಹಾಯಿ ಕಟ್ಟಿದ ಮಂಜಿ ದೋಣಿಯಲ್ಲಿ ಹಂಚು ಹೇರಿಕೊಂಡು ಕಲ್ಲಿಕೋಟೆಗೆ ಹೋಗಿದ್ದ. ಫಳ್ನೀರಿನ ಈ ಧರ್ಮದ ಔಷಧಾಲಯದಲ್ಲಿ ಮದ್ದಿಗೆ ಕಾಸು ಕೇಳುವುದಿಲ್ಲ, ಬಾಟ್ಲಿ ಮಾತ್ರ ಮನೆಯಿಂದ ತರಬೇಕು. ಅದನ್ನೂ ದೇಯಿ ಪಕ್ಕದ ಮನೆಯ ಅಲೀಮಮ್ಮನಿಂದ ಕೇಳಿ ತಂದಿದ್ದಳು, ಪನ್ನೀರಿನ ಬಾಟ್ಲಿ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಹೇಮಾಕ್ಷಿ ಮೊದಲ ಗುಟುಕಿಗೆ ಮದುವೆ ಮನೆಯ ಶರಬತ್ತೆಂದು ಆಸೆಯಿಂದ ಬಾಯಿ ತೆರೆದವಳು ಆಮೇಲೆ ಕಹಿಗೆ ಮುನಿದು ಒಂದು ಗಳಿಗೆ ತಾಯಿಯ ಮುಖವನ್ನೇ ನೋಡಿರಲಿಲ್ಲ.

ಪುಕ್ಕಟೆ ಮದ್ದಿಗೂ ಬೆಲೆಯಿತ್ತು. ಮಣ್ಣಗುಡ್ಡದಿಂದ ಇಲ್ಲಿಗೆ ನಡೆದು, ಸಾಲಿನಲ್ಲಿ ನಿಂತು, ತಿರುಗಿ ಹೋಗುವಷ್ಟರಲ್ಲಿ ಹಂಚಿನ ಕಾರ್ಖಾನೆಯ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಎರಡಾಣೆ, ಎಂದರೆ ತಾಯಿ ಮಗಳ ಒಂದು ದಿನದ ಗಂಜಿ. ಅದಕ್ಕೇ ದೇಯಿ ಯೋಚಿಸಿ ಯೋಚಿಸಿ ಉಪಾಯ ಕಂಡುಕೊಂಡಿದ್ದಳು. ಜ್ವರ ಬಂದ ದಿನ ಎರಡು ಹೊತ್ತೂ ತಪ್ಪದೆ ಮದ್ದು ಕೊಡುವುದು. ಜ್ವರ ಬಿಟ್ಟ ದಿನ ಮುಟ್ಟದೆ ಎತ್ತಿಡುವುದು. ಒಂದು ವಾರದ ಮದ್ದು ಎರಡು ವಾರಕ್ಕೆ ಬಂದರೆ ಒಂದು ಸಲದ ನಡಿಗೆಯೂ ಉಳಿಯಿತು, ಕೂಲಿಯೂ ಉಳಿಯಿತು.

“ಜ್ವರ ಇಲ್ಲದ ದಿನ ಮದ್ದು ಕುಡಿಸಿದ್ರೆ ದಂಡ ಅಲ್ವಾ?” ಎಂದಳು. “ಇವತ್ತು ನೋಡಿ, ದಾರಿಯುದ್ದಕ್ಕೂ ಕುಣಿದುಕೊಂಡು ಬಂದಿದ್ದಾಳೆ. ಇವಳಿಗೆಂತ ಮದ್ದು?”

“ಮತ್ತೆ ಇವತ್ತು ನೀನು ಬಂದದ್ದು ಎಂತಕ್ಕೆ ಮಾರಾಯ್ತಿ? ನನ್ನ ಚಂದ ನೋಡ್ಲಿಕ್ಕಾ?”

ಸಾಲಿನಲ್ಲಿದ್ದವರು ನಕ್ಕರು. ದೇಯಿಯ ದನಿ ತಗ್ಗಿತು. “ಜ್ವರ ಬಿಡುವುದೇ ಇಲ್ಲ. ನಿನ್ನೆಯೂ ನಡುಗಿದ್ಳು.”

ಆಂಬ್ರೋಸ್ ಎದ್ದು ಬಂದು ಹೇಮಾಕ್ಷಿಯನ್ನು ಬೆಂಚಿನ ಮೇಲೆ ಮಲಗಿಸಿ ಎಡ ಪಕ್ಕೆಲುಬಿನ ಕೆಳಗೆ ಬೆರಳೊತ್ತಿದರು. ಕಚಗುಳಿಗೆ ನಗುತ್ತಿದ್ದ ಹುಡುಗಿ ಫಕ್ಕನೆ ನಗು ನಿಲ್ಲಿಸಿ ಮುಖ ಹಿಂಡಿದಳು.

“ಇಲ್ಲಿ ಕೈ ಇಡು ದೇಯಿ. ಗಟ್ಟಿ ಸಿಕ್ತದಾ? ಜ್ವರಗಡ್ಡೆ. ಇದು ಇನ್ನೂ ಬೆಳೆದ್ರೆ ದೊಡ್ಡಾಸ್ಪತ್ರೆಯಲ್ಲಿ ಮಲಗಿಸ್ಬೇಕು. ಎಷ್ಟು ವಾರ ಅಂತ ನಾನು ಹೇಳ್ಲಿಕ್ಕಿಲ್ಲ.”

ದೇಯಿಯ ಬೆರಳಿಗೆ ಅದು ಸಿಕ್ಕಿತು. ದಿನಾ ಮೀಯಿಸಿದ ಹೊಟ್ಟೆ; ಇಷ್ಟು ದಿನ ತನ್ನ ಕೈಗೆ ಯಾಕೆ ತಿಳಿಯಲಿಲ್ಲ?

“ಜ್ವರ ಬಿಟ್ಟ ದಿನ ಅದು ಹೋದದ್ದಲ್ಲ,” ಎಂದರು ಆಂಬ್ರೋಸ್. “ಒಳಗೆ ಅಡಗಿ ಕೂತದ್ದು. ಆವಾಗಲೂ ಬಿಡದೆ ಮದ್ದು ಬೀಳ್ಬೇಕು.”

ದೇಯಿಗೆ ಹೋದ ವರ್ಷ ಕಾರ್ಖಾನೆಯಲ್ಲಿ ಹಂಚು ಸುಟ್ಟ ಗೂಡು ನೆನಪಾಯಿತು. ಸೌದೆ ಒದ್ದೆಯೆಂದು ಬೆಂಕಿ ಹಾಕುವ ಮಾಯಿಲಪ್ಪ ನಡುವೆ ಒಂದು ದಿನ ಉರಿ ತಗ್ಗಿಸಿದ್ದ. ಗೂಡು ಬಿಚ್ಚಿದಾಗ ಹಂಚೆಲ್ಲ ಕೆಂಪಗೆ ಚಂದವೇ ಇತ್ತು. ತಲೆಯ ಮೇಲೆ ಹೊತ್ತು ಅಟ್ಟಿ ಇಟ್ಟವಳು ಇವಳೇ. ಮೊದಲ ಮಳೆಗೇ ಅವು ನೆನೆದು ಮಣ್ಣಾಗಿ ಕುಸಿದಿದ್ದವು.

“ಹೊರಗೆ ಮಾತ್ರ ಬೆಂದದ್ದು,” ಎಂದಳು ತನಗೇ ಎಂಬಂತೆ. “ಇವಳಿಗೆ ನಡುವೆ ಬೆಂಕಿ ತೆಗೆದದ್ದು ನಾನೇ.”

“ಎಂತ ಹೇಳಿದೆ?”

“ಎಂತ ಇಲ್ಲ. ಹಂಚಿನ ಮಾತು.” ಸೆರಗಿನಿಂದ ಕಣ್ಣಿನ ಮೂಲೆ ಒರೆಸಿಕೊಂಡಳು. “ಬಾಟ್ಲಿ ತುಂಬಿಸಿ ಕೊಡಿ. ಹನ್ನೆರಡು ಗುರುತೂ ಆರು ದಿನಕ್ಕೇ ಮುಗೀತದೆ.”

ಆಂಬ್ರೋಸ್ ಉಳಿದಿದ್ದ ಮದ್ದಿನ ಮೇಲೆಯೇ ಹೊಸತನ್ನು ಸುರಿದು, ಹಳೆಯ ಪಟ್ಟಿ ಕಿತ್ತು ಬೇರೆ ಅಂಟಿಸಿದರು. ಹೇಮಾಕ್ಷಿ ಆ ಬಾಟ್ಲಿಯನ್ನು ವೈರಿಯನ್ನು ನೋಡುವಂತೆ ನೋಡಿದಳು. ಅಮ್ಮನೋ ಅಲ್ಲಿಯೇ, ಆಡಿಕೊಂಡಿದ್ದ ಮಗುವಿನ ಗಲ್ಲ ಹಿಡಿದು, ಮೊದಲ ಗುರುತಿನಷ್ಟು ಬಾಯಿಗೆ ಹೊಯ್ದಳು.

ಅರ್ಧ ದಿನ ತಪ್ಪಿಸಿದ್ದಕ್ಕೆ ಕಾರ್ಖಾನೆಯ ಮೇಸ್ತ್ರಿ ಬೈದಾನು, ಬೈಯಲಿ. ಅಲೀಮಮ್ಮನಿಗೂ ಹೇಳಬೇಕು, ಬಾಟ್ಲಿ ಇನ್ನೊಂದು ವಾರ ಬೇಕೆಂದು.

“ಬರುವ ಸೋಮವಾರ ಬರ್ತೇನೆ ಪೊರ್ಬುಗಳೇ,” ಎಂದಳು ಮೆಟ್ಟಿಲಿಳಿಯುತ್ತ. “ಖಾಲಿ ಬಾಟ್ಲಿ ತರ್ತೇನೆ. ಆಗ ಮತ್ತೆ ಖಾಲಿ ಯಾಕೆ ಅಂತ ಕೇಳ್ಬಾರ್ದು.”