ಹಗೇವಿನ ಗುಮ್ಮ

ಯಲಬುರ್ಗಾ ಕಡೆ ಬಾಲವಾಡಿ ಟೀಚರಾಗಿದ್ದಾಗ ಮನೆಮನೆಗೂ ನಾನು ಹೇಳುತ್ತಿದ್ದುದು ಒಂದೇ ಮಾತು: ಮಕ್ಕಳನ್ನು ಹೆದರಿಸಬೇಡಿ.

ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿ ರೊಟ್ಟಿ ಬೇಡವೆಂದು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಅವಳಜ್ಜಿ, ನಡುಮನೆಯ ನೆಲದಡಿ ಜೋಳ ತುಂಬುವ ಹಗೇವಿನ ಮುಚ್ಚುಗಲ್ಲು ತಟ್ಟಿ, "ಗುಮ್ಮಾ, ಇಕಿನ್ನ ಒಯ್ಯ ಬಾ" ಎಂದಳು. ಹುಡುಗಿ ಥಟ್ಟನೆ ಸುಮ್ಮನಾದಳು.

ನನಗೆ ಸಿಟ್ಟು ಬಂತು.

"ಖಾಲಿ ಹಗೇವಿನ್ಯಾಗ ಯಾರಿರ್ತಾರ್ರಿ ಯವ್ವಾ?" ಎನ್ನುತ್ತ ಕಲ್ಲು ಸರಿಸಿ ಮಗುವಿಗೆ ತೋರಿಸಿದೆ.

ಹುಡುಗಿ ಬಗ್ಗಿ ನೋಡಿದಳು. ಖಡಕ್ ರೊಟ್ಟಿ ಮುರಿದು ಅರ್ಧ ಒಳಗೆ ಹಾಕಿದಳು. ಅದು ತಳಕ್ಕೆ ಬಿದ್ದ ಸದ್ದೇ ಬರಲಿಲ್ಲ.

"ಅಂವಗ ಇನ್ನೂ ಬೇಕಂತ. ನೀ ಹಾಕ" ಎಂದು ಉಳಿದರ್ಧ ನನ್ನ ಕೈಗಿತ್ತಳು.

ಮಕ್ಕಳನ್ನು ಹೆದರಿಸಬೇಡಿ ಎಂದು ಆಮೇಲೂ ಊರೂರಲ್ಲಿ ಹೇಳಿದೆ. ಆದರೆ ಆ ರೊಟ್ಟಿಯನ್ನು ಒಳಗೆ ಹಾಕಿ, ಕಲ್ಲು ಮುಚ್ಚಿದವಳೂ ನಾನೇ.