ಕೊಳೆಗಾಗಿ ಕಾಯುವ ಮೀನಕ್ಕ

ಬೆಳಗು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಖಾಲಿ ಕುರ್ಚಿಗಳು, ಎದುರಿಗೆ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಏಣಿಯ ಮೇಲೆ ನಿಂತ ಹೆಂಗಸೊಬ್ಬರು ಬಕೆಟ್ಟನ್ನು ಎದೆಗೆ ಆನಿಸಿಕೊಂಡು ತೊಟ್ಟಿಗೆ ನೀರು ಸುರಿಯುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಹೆಗಲು ಬಿದ್ದುಹೋಗಿದೆ. "ಸಾಕಪ್ಪಾ ಸಾಕು" ಎನ್ನುತ್ತಲೇ ಇನ್ನೊಂದು ಬಕೆಟ್ ಎತ್ತುತ್ತಾರೆ.

ನರ್ಸುಗಳಿಂದ ಕಾವಲುಗಾರನವರೆಗೆ ಎಲ್ಲರಿಗೂ ಇವರು ಮೀನಕ್ಕ. ಕೆಲಸಕ್ಕೆ ಸೇರಿದ್ದು ನೆಲ ಒರೆಸಲು. ತೊಟ್ಟಿ ನೋಡಿಕೊಳ್ಳುತ್ತಿದ್ದವನು ಬಿಟ್ಟುಹೋದಾಗ ಅದೂ ಇವರ ಕೊರಳಿಗೆ ಬಿತ್ತು. ಒಳಗಿರುವುದು ಆಫ್ರಿಕಾದ ಸರೋವರಗಳ ಸಿಕ್ಲಿಡ್ ಮೀನುಗಳು. ನೀಲಿ, ಹಳದಿ, ನೋಡಲು ಬಲು ಚೆಂದ, ಬುದ್ಧಿಯಲ್ಲಿ ಮಹಾ ಜಗಳಗಂಟಿಗಳು. ಅದಕ್ಕೇ ಬೇಕೆಂದೇ ಗಿಜಿಗುಡುವಷ್ಟು ಬಿಟ್ಟಿದ್ದಾರೆ. "ನಾಲ್ಕೇ ಇದ್ರೆ ಒಬ್ಬ ಯಜಮಾನ ಆಗಿ ಉಳಿದವರ ಪ್ರಾಣ ತಿಂತಾನೆ. ತುಂಬಾ ಜನ ಇದ್ರೆ ಯಾರನ್ನ ಅಂತ ಅಟ್ಟಿಸ್ಕೊಂಡು ಹೋಗ್ತಾನೆ? ನಮ್ಮ ಮೇಲ್ವಿಚಾರಕರದ್ದೂ ಇದೇ ಕಷ್ಟ" ಎಂದು ಮೀನಕ್ಕ ನಗುತ್ತಾರೆ.

ಮೀನು ಹೆಚ್ಚಿದಷ್ಟೂ ಹೊಲಸು ಹೆಚ್ಚು. ಅದನ್ನು ಅರಗಿಸುವುದು ಎರಡು ಫಿಲ್ಟರ್‌ಗಳ ಸ್ಪಂಜಿನಲ್ಲಿ ಬೆಳೆಯುವ ಕಂದು ಲೋಳೆ, ಕಣ್ಣಿಗೆ ಕಾಣದ ಜೀವಿಗಳ ಮನೆ. ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು, ಅದೂ ಈ ವಾರ ಒಂದು, ಮುಂದಿನ ವಾರ ಇನ್ನೊಂದು. ನಲ್ಲಿ ನೀರಿನ ಬ್ಲೀಚಿಂಗ್ ತಾಗಿದರೆ ಆ ಜೀವಿಗಳ ಕಥೆ ಮುಗಿಯಿತು.

ಎರಡು ವಾರದ ಹಿಂದೆ ಮೀನಕ್ಕ ಜ್ವರ ಬಂದು ಹಾಸಿಗೆ ಹಿಡಿದರು. ಬದಲಿಗೆ ಬಂದವರು ಅವರ ಅತ್ತೆ. ಇದೇ ಆಸ್ಪತ್ರೆಯಲ್ಲಿ ನೆಲ ಒರೆಸಿ ನಿವೃತ್ತರಾದವರು, ಕಲೆ ಕಂಡರೆ ಕೆಂಡ ಕಾರುವವರು. ಸೊಸೆಗೆ ಉಪಕಾರವಾಗಲಿ ಎಂದು ಎರಡೂ ಸ್ಪಂಜುಗಳನ್ನು ನಲ್ಲಿಯಡಿ ಹಿಡಿದು, ತಿಕ್ಕಿ ತಿಕ್ಕಿ, ಬೆಳ್ಳಗೆ ಫಳಫಳ ಮಾಡಿದರು. "ಹೊಸದರ ಹಂಗೆ ಮಾಡಿಟ್ಟಿದೀನಿ, ಹೋಗಿ ನೋಡು" ಎಂದು ಹೆಮ್ಮೆಯಿಂದ ಬೇರೆ ಹೇಳಿದರು.

ಹೊಲಸು ಅರಗಿಸುವ ಜೀವಿಗಳೆಲ್ಲ ನಲ್ಲಿ ನೀರಿನ ಜೊತೆಗೇ ಹೋಗಿದ್ದವು. ಮೂರನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಕೆಲವು ಸತ್ತು ತೇಲಿದವು. ಬಾಯಿ ಬಿಡದೆ ಉಳಿದದ್ದು ಹಳದಿ ತಾಯಿಮೀನು ಒಂದೇ. ಅದರ ಬಾಯಿ ತುಂಬ ಮೊಟ್ಟೆ. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಮರಿ ಮಾಡುತ್ತದೆ, ಮರಿಗಳು ಈಜುವವರೆಗೆ ಒಂದು ತುತ್ತೂ ತಿನ್ನುವುದಿಲ್ಲ. ಉಸಿರುಕಟ್ಟಿ ಉಗುಳಿದರೆ ಮಿಕ್ಕವು ಮೊಟ್ಟೆಗಳನ್ನು ಗುಳುಂ ಮಾಡುತ್ತವೆ. ಬೇರೆ ತೊಟ್ಟಿಗೆ ಹಾಕಲು ಹೋದರೆ ಗಾಬರಿಗೇ ಉಗುಳೀತು. "ಇವಳೊಬ್ಬಳನ್ನಾದ್ರೂ ಉಳಿಸ್ಕೋಬೇಕು ಅಂತ ಹಟ ಬಂತು" ಎನ್ನುತ್ತಾರೆ ಮೀನಕ್ಕ.

ಅಂದಿನಿಂದ ಬೆಳಿಗ್ಗೆ ಇಪ್ಪತ್ತು ಬಕೆಟ್, ಸಂಜೆ ಇಪ್ಪತ್ತು. ಕೆಟ್ಟ ನೀರು ತೆಗೆಯುವುದು, ಬ್ಲೀಚಿಂಗ್ ಆರಲೆಂದು ಡ್ರಮ್ಮಿನಲ್ಲಿಟ್ಟ ನೀರು ಹೊತ್ತು ಹಾಕುವುದು, ನಡುವೆ ನೆಲ ಒರೆಸುವುದು. ಹೊಸ ಮೀನು ತರಿಸಿಬಿಡೋಣ ಎಂದರು ಆಡಳಿತಾಧಿಕಾರಿ. "ಈಗ ಬೇಡ ಸಾರ್, ಬಂದವೂ ಸಾಯ್ತವೆ" ಎಂದು ಮೀನಕ್ಕ ಅಡ್ಡ ನಿಂತರು.

ಮನೆಯಲ್ಲಿ ಅತ್ತೆ ತುಟಿ ಪಿಟಕ್ಕೆನ್ನುವುದಿಲ್ಲ. ತಟ್ಟೆಯ ಮುಂದೆ ಕೂರುತ್ತಾರೆ, ಕೆದಕಿ ಎದ್ದುಹೋಗುತ್ತಾರೆ. "ಬೈದಿದ್ರೆ ಹಗುರ ಆಗ್ತಿದ್ರೇನೋ. ನಾನು ಒಂದ್ ಮಾತೂ ಅನ್ಲಿಲ್ಲ, ಅದೇ ಅವರನ್ನ ತಿಂತಾ ಇದೆ. ಇಲ್ಲಿ ತೊಟ್ಟೀಲಿ ಇವಳು ಬಾಯಿ ಮುಚ್ಚಿದಾಳೆ, ಅಲ್ಲಿ ಮನೇಲಿ ಅವರು. ನನಗಂತೂ ಇಬ್ಬರನ್ನೂ ನೋಡೋಕಾಗಲ್ಲ."

ಕೊನೆಯ ಬಕೆಟ್ ಸುರಿದು ಮೀನಕ್ಕ ಫಿಲ್ಟರ್ ತೆರೆಯುತ್ತಾರೆ, ಸ್ಪಂಜನ್ನು ಬೆರಳಿನಿಂದ ಸವರುತ್ತಾರೆ. ಬೆರಳು ಜಾರುತ್ತದೆ. ತೆಳ್ಳನೆಯ ಕಂದು ಲೋಳೆ. "ಬಂತು! ಜೀವಮಾನವಿಡೀ ಕೊಳೆ ತೆಗ್ದೆ. ಕೊಳೆ ಬರ್ಲಿ ಅಂತ ಕಾದಿದ್ದು ಇದೇ ಮೊದ್ಲು." ಜೋರಾಗಿ ನಗಲೂ ಅವರಲ್ಲಿ ತ್ರಾಣವಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ಯಾರೂ ಕರೆದಿಲ್ಲ. ನೇರ ಬಂದು ಸೊಸೆಯ ಕೈಯಿಂದ ಖಾಲಿ ಬಕೆಟ್ ಕಿತ್ತುಕೊಳ್ಳುತ್ತಾರೆ. ಮೀನಕ್ಕ ಅವರ ರಟ್ಟೆ ಹಿಡಿದು ಗಾಜಿನ ಹತ್ತಿರ ಎಳೆದೊಯ್ಯುತ್ತಾರೆ. ಕಲ್ಲಿನ ಸಂದಿಯಲ್ಲಿ ತಾಯಿಮೀನು ಬಾಯಿ ತೆರೆದಿದೆ. ಅಕ್ಕಿ ಕಾಳಿನಷ್ಟು ಮರಿಗಳು ಒಂದೊಂದಾಗಿ ಹೊರಗೆ ಬರುತ್ತಿವೆ. ನೀಲಿ ಮೀನೊಂದು ಹತ್ತಿರ ಸುಳಿದದ್ದೇ ತಡ, ತಾಯಿ ಎಲ್ಲವನ್ನೂ ಸರ್ರನೆ ಬಾಯಿಗೆ ಎಳೆದುಕೊಳ್ಳುತ್ತದೆ.

"ಅಯ್ಯೋ, ನುಂಗ್ಬಿಟ್ಳಲ್ಲೇ!" ಅತ್ತೆ ಕಿರುಚುತ್ತಾರೆ.

"ನುಂಗಿಲ್ಲ ಅತ್ತೆ, ಬಚ್ಚಿಟ್ಕೊಂಡ್ಳು. ನೋಡ್ತಿರಿ, ಮತ್ತೆ ಬಿಡ್ತಾಳೆ."

ಅತ್ತೆ ಬಕೆಟ್ ಕೆಳಗಿಟ್ಟು ರೋಗಿಗಳ ಕಡೆಯವರ ಕುರ್ಚಿಯಲ್ಲಿ ಕೂರುತ್ತಾರೆ. ಮೀನಕ್ಕನೂ ಪಕ್ಕದಲ್ಲೇ ಕೂರುತ್ತಾರೆ. ಈ ತೊಟ್ಟಿಯನ್ನು ಒಂದು ದಿನ ಕೂತು ನೋಡಬೇಕೆಂಬುದು ಅವರ ಎಷ್ಟೋ ದಿನದ ಆಸೆ. ಮರಿಗಳು ಮತ್ತೆ ಹೊರಗೆ ಬರುತ್ತವೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಗಾಜಿನಿಂದ ಕಣ್ಣು ಕೀಳದೆ ಹೇಳುತ್ತಾರೆ:

"ಏನೇ, ಡಬ್ಬಿಯಲ್ಲಿ ತಿನ್ನೋಕೆ ಏನಾದ್ರೂ ತಂದಿದೀಯಾ? ಹಸಿವಾಗ್ತಿದೆ."