ತಕ್ಕಡಿಯವರ ಮಗಳ ತೂಕ

ನಮ್ಮ ಯಜಮಾನರ ಕಸುಬು ತಕ್ಕಡಿ ರಿಪೇರಿ. ಎಲ್ಲರೂ ಅವರನ್ನು ತಕ್ಕಡಿಯವರು ಅಂತಲೇ ಕರೆಯೋದು. ದಿನಸಿ ಅಂಗಡಿಯದು, ಗುಜರಿಯದು, ಆಸ್ಪತ್ರೆಯಲ್ಲಿ ಎಳೆಗೂಸು ತೂಗೋದು, ಎಲ್ಲ ತಕ್ಕಡಿಗೂ ಇವರೇ ಡಾಕ್ಟರು. ಮೊದಲಿಂದ ಹಾಗಿದ್ದರೋ, ಕಸುಬು ಹಾಗೆ ಮಾಡಿತೋ, ಒಟ್ಟಿನಲ್ಲಿ ಯಾರನ್ನೂ ನಂಬಲ್ಲ. ಹಾಲು ತಂದರೆ ನೀರು ಬೆರೆಸಿದ್ದಾರೆ, ಬಸ್ಸು ಬೇಗ ಬಂದರೆ ಏನೋ ಮಸಲತ್ತಿದೆ. ಮದುವೆಯಾದ ಹೊಸತರಲ್ಲಿ ನಾನು ಜಾಸ್ತಿ ಮಾತಾಡ್ತಿರಲಿಲ್ಲ. "ಏನೋ ಮುಚ್ಚಿಡ್ತಿದೀಯ" ಅಂದಿದ್ದರು. ಮುಚ್ಚಿಟ್ಟಿದ್ದು ನನ್ನ ಬಾಯಿ ಅಂತ ಆಮೇಲೆ ಗೊತ್ತಾಯ್ತು, ಪಾಪ.

ಇರೋದು ಒಬ್ಬಳೇ ಮಗಳು. ಚಿಕ್ಕಂದಿನಿಂದ ಟೇಕ್ವಾಂಡೋ ಹುಚ್ಚು. ಒದೆಯೋದರಲ್ಲಿ ನಮ್ಮವಳದು ಎತ್ತಿದ ಕೈ ಅಂತ ನಾನು ತಮಾಷೆ ಮಾಡ್ತಿದ್ದೆ. ಆ ವರ್ಷ ಗಂಡಸರದೂ ಹೆಂಗಸರದೂ ಸೇರಿ ಅಂತಾರಾಷ್ಟ್ರೀಯ ಚಾಂಪಿಯನ್‌ಶಿಪ್ ನಮ್ಮ ಊರಲ್ಲೇ ಆಯ್ತು. ಐವತ್ತಮೂರು ಕೆಜಿ ಒಳಗಿನ ಹೆಂಗಸರ ವಿಭಾಗಕ್ಕೆ ದೇಶದಿಂದ ಒಬ್ಬಳೇ, ಅದು ನಮ್ಮವಳು. ಆದರೆ ತೂಕದ ದಿನ ಐವತ್ತಮೂರರ ಮೇಲೆ ಚೂರು ಬಂದರೂ ಮುಗೀತು, ಮ್ಯಾಟ್ ಮೆಟ್ಟೋ ಹಾಗಿಲ್ಲ.

ತರಬೇತಿ ಹಾಲ್‌ನಲ್ಲಿದ್ದ ಹಳೇ ಮುಳ್ಳಿನ ತಕ್ಕಡಿ ದಿನಕ್ಕೊಂದು ಹೇಳ್ತಿತ್ತು. ಕೋಚ್ ಮೇಡಂ, "ನಿಮ್ಮಪ್ಪನ ಮಿಷನ್ ಇದ್ಯಲ್ಲ, ಮನೇಲೇ ನೋಡ್ಕೋ" ಅಂದರು. ಅಷ್ಟು ಸಾಕಾಯ್ತು ನಮ್ಮವರಿಗೆ. ಮಲಗೋ ಕೋಣೆಯ ಮೂಲೆಯಲ್ಲಿ ಒಂದು ಮಿಷನ್ ಇಟ್ಟರು, ಅವತ್ತಿಂದ ಕಾವಲು ಶುರು. ಅವಳ ನೀರಿನ ಬಾಟಲಿ ಮೂಸಿ ನೋಡೋರು. ಕೋಚ್ ಮೇಡಂ ಯಾಕೆ ಅಷ್ಟೊಂದು ನಗ್ತಾರೆ ಅಂತ ಕೇಳೋರು. ಒಂದಿನ ಅವಳ ಚೀಲದಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು.

"ಇದೇನಿದು?"

"ಜೊತೆಯವಳದ್ದು ಅಪ್ಪ. ನಾನು ತಿಂದಿಲ್ಲ."

ಇವರು ಹೂಂ ಅಂದು ಚೀಲ ಕೊಡವಿದರು.

ಅಲ್ಲಿಂದಾಚೆ ಹುಡುಗಿಯ ತೂಕ ಜಪ್ಪಯ್ಯ ಅಂದರೂ ಇಳೀಲಿಲ್ಲ. ಅನ್ನ ಬಿಟ್ಟಳು, ಆಮೇಲೆ ಬ್ರೆಡ್ಡು ಬಿಟ್ಟಳು, ಕೊನೆಗೆ ನೀರೂ ಗುಟುಕು ಗುಟುಕು. ಮೈಯಲ್ಲಿನ ನೀರು ಇಳಿದರೆ ತೂಕವೂ ಇಳಿಯುತ್ತೆ ಅಂತ ಪ್ಲಾಸ್ಟಿಕ್ ಜಾಕೆಟ್ ಹಾಕ್ಕೊಂಡು ಮೆಟ್ಟಿಲು ಹತ್ತಿ ಇಳಿದು, ಮಗ್ಗಿನಲ್ಲಿ ಎಂಜಲು ಉಗೀತಾ ಕೂರೋಳು. ಕೆನ್ನೆ ಒಳಗೆ ಹೋಯ್ತು. ನಾನು ತಟ್ಟೆ ಹಿಡ್ಕೊಂಡು ಅವಳ ಹಿಂದೆ ಓಡಾಡ್ತಿದ್ದೆ.

"ಒಂದು ತುತ್ತು ತಿನ್ನೇ, ನನ್ನ ತಾಯಿ. ಆ ಮಿಷನ್ ಕೆಟ್ಟಿರಬೇಕು."

"ಸುಮ್ನಿರಮ್ಮ. ಬೇರೆಯವರದ್ದು ಕೆಡಬಹುದು, ಅಪ್ಪಂದು ಕೆಡಲ್ಲ."

ಇವರು ಪೇಪರ್ ಓದ್ತಾ ಇದ್ದರು. ಪುಟ ಮಗುಚಿದರು.

ತೂಕದ ದಿನ ಮನೆಯ ಮಿಷನ್ನು ಐವತ್ತಮೂರು ಕಾಲು ತೋರಿಸಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಟಲಿಗೆ ಉಗುಳಿಕೊಂಡೇ ಬಂದಳು. ಕ್ರೀಡಾಂಗಣದ ಕಾರಿಡಾರಿನಲ್ಲಿ ಆ ಕಡೆ ಗಂಡಸರ ಸಾಲು, ಈ ಕಡೆ ಹೆಂಗಸರ ಸಾಲು, ಯಾರ ಮುಖದಲ್ಲೂ ರಕ್ತ ಇಲ್ಲ. ಅಧಿಕೃತ ತೂಕಕ್ಕೆ ಮುಂಚೆ ಬೇಕಾದವರು ನೋಡಿಕೊಳ್ಳಲಿ ಅಂತ ಗೋಡೆ ಪಕ್ಕ ಒಂದು ಮಿಷನ್ ಇಟ್ಟಿದ್ದರು. ಮಗಳು ಹತ್ತಿದಳು. ಐವತ್ತೊಂದು ಕಾಲು. ಇಳಿದು ಮತ್ತೆ ಹತ್ತಿದಳು. ಅಷ್ಟೇ.

"ಅಪ್ಪ, ಇದು ಸರಿಯಿದ್ಯಾ ನೋಡು."

"ಇವರ ಮಿಷನ್ ಏನು ನಂಬ್ತೀಯ. ನಡಿ ನಡಿ."

ಇಲ್ಲೇ ನನಗೆ ಖಟಕ್ ಅಂದಿದ್ದು. ತಕ್ಕಡಿ ಕಂಡರೆ ಪರರ ಮದುವೆ ಮನೆಯಲ್ಲೂ ಮಂಡಿಯೂರಿ ಅದರ ಕೆಳಗೆ ಇಣುಕೋ ಮನುಷ್ಯ, ಇದನ್ನು ಬಗ್ಗಿಯೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡರಂತೆ. ತೋಳು ಹಿಡಿದು ಕಂಬದ ಹಿಂದೆ ಎಳೆದೆ.

"ರೀ, ಮನೆ ಮಿಷನ್‌ಗೆ ಏನು ಮಾಡಿದ್ರಿ?"

"ಮೆಲ್ಲಗೆ ಮಾತಾಡೇ."

"ಏನು ಮಾಡಿದ್ರಿ ಅಂದೆ!"

"ಎರಡು ಕೆಜಿ ಜಾಸ್ತಿ ತೋರೋ ಹಾಗೆ ಇಟ್ಟಿದ್ದೆ. ಕದ್ದು ತಿಂದರೂ ಅವಳಿಗೆ ತೊಂದರೆ ಆಗದಿರಲಿ ಅಂತ. ಅವಳ ಒಳ್ಳೇದಕ್ಕೇ ಕಣೇ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬಾಯಿಗೆ ಬಂದಿದ್ದೆಲ್ಲ ಅನ್ನೋಣ ಅಂತ ತಿರುಗಿದರೆ ಮಗಳು ಅಲ್ಲೇ ನಿಂತಿದ್ದಾಳೆ, ಕೈಯಲ್ಲಿ ಜಾಕೆಟ್ ಹಿಡ್ಕೊಂಡು. ನೆಟ್ಟಗೆ ಹೆಂಗಸರ ಸಾಲಿಗೆ ಹೋಗಿ ನಿಂತಳು.

ತೂಕದಲ್ಲೇನೋ ಪಾಸಾದಳು. ಅವತ್ತು ಕೋಚ್ ಮೇಡಂ ಏನು ತಿನ್ನಿಸಿದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮರುದಿನ ಪಂದ್ಯ. ಮೊದಲ ಸುತ್ತು ಗೆದ್ದಳು, ನಾನು ಕುರ್ಚಿ ಮೇಲೆ ಹತ್ತಿ ಕೂಗಿದೆ. ಎರಡನೇದರಲ್ಲಿ ಕಾಲು ಸೊಂಟದ ಮೇಲೆ ಏಳಲೇ ಇಲ್ಲ. ಮೂರನೇದರಲ್ಲಿ ಬಿದ್ದಳು. ಎದುರಾಳಿ ಒದ್ದು ಬಿದ್ದಿದ್ದಲ್ಲ ಅದು, ನಿಲ್ಲೋಕೆ ತ್ರಾಣ ಇಲ್ಲದೆ ಬಿದ್ದಿದ್ದು.

"ರೆಫ್ರಿ ಏನೋ ಮೋಸ..." ಅಂತ ಇವರು ಬಾಯಿ ತೆಗೆದರು.

"ಉಸಿರೆತ್ತಬೇಡಿ" ಅಂದೆ.

ಮನೆಗೆ ಬರುವಾಗ ಇವರೇ ತಡೆಯಲಾರದೆ ಶುರು ಮಾಡಿದರು. "ತಿಂದ್ಯಾ ಅಂತ ನಿನ್ನ ಕೇಳಿದ್ದೆ ಕಣೇ."

"ಇಲ್ಲ ಅಂತ ನಾನು ಹೇಳಿದ್ದೆ ಕಣಪ್ಪ."

ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗ್ತಿತ್ತು. ಇವರು ಆ ವಾರವೇ ಮಿಷನ್ ಸರಿಮಾಡಿ, ಅವಳ ಕಣ್ಣೆದುರೇ ಅದರ ಮೇಲೆ ತೂಕದ ಬಟ್ಟುಗಳನ್ನಿಟ್ಟು ತೋರಿಸಿದರು, "ನೋಡು ಮಗಳೇ, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ." "ಹೂಂ ಅಪ್ಪ" ಅಂದಳು. ಕಾಲಿಡಲಿಲ್ಲ. ಮಿಷನ್ ಮೇಲೆ ಧೂಳು ಕೂತಿತು, ಇವರು ದಿನಾ ಒರೆಸಿದರು.

ಮುಂದಿನ ಚಾಂಪಿಯನ್‌ಶಿಪ್‌ಗೆ ಆಯ್ಕೆ ಹತ್ತಿರ ಬಂತು. "ಅಮ್ಮ, ಹೊರಗೆ ಹೋಗಿ ತೂಕ ನೋಡ್ಕೊಂಡು ಬರೋಣ" ಅಂತ ನನ್ನನ್ನು ಕರ್ಕೊಂಡು ನಾಲ್ಕು ಬೀದಿ ದಾಟಿ ಒಂದು ಔಷಧಿ ಅಂಗಡಿಗೆ ಹೋದಳು. ಚಪ್ಪಲಿ ಬಿಟ್ಟು ಇನ್ನೇನು ಹತ್ತಬೇಕು, ಅಂಗಡಿಯವರನ್ನು ಕೇಳಿದಳು, "ಅಂಕಲ್, ಈ ಮಿಷನ್ ಸರಿಯಾಗಿ ತೋರಿಸುತ್ತಾ?"

ಅವರು ನಕ್ಕರು. "ತಕ್ಕಡಿಯವರು ಮೊನ್ನೆ ತಾನೇ ರಿಪೇರಿ ಮಾಡಿಕೊಟ್ಟಿದ್ದು ಕಣಮ್ಮ. ಕಣ್ಣು ಮುಚ್ಕೊಂಡು ನಂಬು."

ಮಗಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.